ಕಾಣದ ಜಾಗಕ್ಕೊಂದು ಗೆರೆ

ಕೆಲಸ ಬಿಟ್ಟ ಮೇಲೆ ನನಗೆ ಬರುವ ಫೋನುಗಳಲ್ಲಿ ಹೆಚ್ಚಿನವು ಒಂದೇ ಬಗೆಯವು. ಮಾಡುವವರು ಪಡುಬಿದ್ರಿ, ಸುರತ್ಕಲ್, ಬಂಟ್ವಾಳ ಕಡೆಯ ಹುಡುಗರು. ಯಾರಿಂದಲೋ ನನ್ನ ನಂಬರು ಸಿಕ್ಕಿರುತ್ತದೆ. ಹೆವಿ ಲೈಸೆನ್ಸಿಗೆ ಫೈಲ್ ತೆರೆಯುವುದು ಹೇಗೆ, ಥಿಯರಿ ಪರೀಕ್ಷೆಯನ್ನು ಹಿಂದಿಯಲ್ಲಿ ಬರೆದರೆ ಸುಲಭವೋ ಮಲಯಾಳದಲ್ಲೋ, ಯಾರ್ಡ್ ಟೆಸ್ಟಿನಲ್ಲಿ ಏನೇನು ಮಾಡಿಸುತ್ತಾರೆ ಎಂದೆಲ್ಲ ವಿಚಾರಿಸುತ್ತಾರೆ. ಎಲ್ಲ ಮುಗಿದು ಇನ್ನೇನು ಫೋನು ಇಡಬೇಕು ಅನ್ನುವಾಗ ಸ್ವರ ತಗ್ಗಿಸಿ, "ಅಂಕಲ್, ಒಂದು ಮಾತು. ನನಗೆ ಸ್ವಲ್ಪ ಹೆದರಿಕೆ ಆಗ್ತದೆ" ಅನ್ನುತ್ತಾರೆ. ಅವರು ಫೋನು ಮಾಡಿದ್ದೇ ಆ ಮಾತು ಹೇಳಲಿಕ್ಕೆ ಎಂದು ಆಗ ನನಗೆ ಗೊತ್ತಾಗುತ್ತದೆ.

ನಾನು ದುಬೈಯ ಜಬಲ್ ಅಲಿಯ ಒಂದು ಸಾಗಾಟ ಕಂಪೆನಿಯಲ್ಲಿ ಮೊದಲು ಟ್ರೇಲರ್ ಓಡಿಸಿದವನು, ಆಮೇಲೆ ಹೊಸಬರಿಗೆ ಓಡಿಸಲು ಕಲಿಸಿದವನು. ಹೇಗೆ ಮೇಲೆ ಬಂದೆ, ಯಾರು ಶಾಲು ಹೊದೆಸಿದರು ಎಂಬುದೆಲ್ಲ ನಿಮಗೆ ಪ್ರಯೋಜನಕ್ಕೆ ಬರುವ ವಿಷಯವಲ್ಲ. ಆದರೆ ಹೆದರಿಕೆಯ ಪ್ರಶ್ನೆಗೆ ಫೋನಿನಲ್ಲಿ "ಏನೂ ಆಗುವುದಿಲ್ಲ, ಧೈರ್ಯ ಮಾಡು" ಎಂದು ಹೇಳಿ ಮುಗಿಸುವುದು ನನಗೆ ಸರಿ ಕಾಣಲಿಲ್ಲ. ನನಗೆ ಹಾಗೆ ಹೇಳಿದವರಿಂದ ನನಗೇನೂ ಉಪಕಾರವಾಗಿರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಮೊದಲು ಟೈಲರ್ ಆಗಿದ್ದೆ. ಅಬುಧಾಬಿಯ ಹಮ್ದಾನ್ ಸ್ಟ್ರೀಟಿನ ಹಿಂಬದಿಯ ಒಂದು ಅಂಗಡಿಯಲ್ಲಿ ಅರಬರು ತೊಡುವ ಉದ್ದನೆಯ ಬಿಳಿ ಅಂಗಿ, ಅಂದರೆ ಕಂದೂರ, ಹೊಲಿಯುತ್ತಿದ್ದೆ. ಹೊಲಿದದ್ದನ್ನು ಮನೆಮನೆಗೆ ಮುಟ್ಟಿಸಲು ಅಂಗಡಿಯ ಪುಟ್ಟ ವ್ಯಾನೂ ನನ್ನ ಕೈಯಲ್ಲೇ ಇತ್ತು. ಹಾಗಾಗಿ ಸಣ್ಣ ಗಾಡಿಯ ಲೈಸೆನ್ಸ್ ಇತ್ತು. ಆ ವ್ಯಾನಿನಲ್ಲಿ ಹೋಗುವಾಗ ಪಕ್ಕದ ಲೇನಿಗೆ ಟ್ರೇಲರ್ ಬಂದರೆ ನಾನು ವೇಗ ಇಳಿಸಿ ಅದನ್ನು ಮುಂದೆ ಹೋಗಲು ಬಿಡುತ್ತಿದ್ದೆ. ಅದರ ಚಕ್ರ ನನ್ನ ಕಿಟಕಿಯ ಎತ್ತರಕ್ಕೆ ತಿರುಗುತ್ತಿತ್ತು.

ಹೆಂಡತಿ ಸುಮತಿಯೂ ಮಗಳು ಪ್ರತೀಕ್ಷಾಳೂ ಊರಿನಿಂದ ಬಂದು ವರ್ಷ ತುಂಬುವುದರೊಳಗೆ ಅಂಗಡಿ ಇದ್ದ ಕಟ್ಟಡವನ್ನು ಕೆಡವುವ ಸುದ್ದಿ ಬಂತು. ಯಜಮಾನರಿಗೆ ವಯಸ್ಸಾಗಿತ್ತು. ಬೇರೆ ಕಡೆ ಅಂಗಡಿ ಇಡುವ ಉಮೇದು ಅವರಿಗಿರಲಿಲ್ಲ. ಒಂದು ಸಂಜೆ ಕತ್ತರಿಯನ್ನು ಮೇಜಿನ ಮೇಲಿಟ್ಟು, "ಖಲಾಸ್ ಸದಾನಂದ, ನಾನು ಊರಿಗೆ ಹೋಗುತ್ತೇನೆ. ನೀನು ಬೇರೆ ನೋಡಿಕೋ" ಅಂದರು. ಅಂಗಡಿ ಮುಚ್ಚಿದರೆ ನನ್ನ ವೀಸಾ ಹೋಗುತ್ತದೆ. ನನ್ನ ವೀಸಾ ಹೋದರೆ ಹೆಂಡತಿ ಮಗಳ ವೀಸಾ ಕೂಡ ಹೋಗುತ್ತದೆ. ಪ್ರತೀಕ್ಷಾ ಆಗಷ್ಟೇ ಕೆಜಿಗೆ ಸೇರಿ, ಮನೆಯಲ್ಲಿ ತುಳುವಿನಲ್ಲಿ ಮಾತಾಡಿಸಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡಲು ಶುರು ಮಾಡಿದ್ದಳು.

ನಾವಿದ್ದ ಕಟ್ಟಡದ ಕೆಳಮಾಳಿಗೆಯಲ್ಲಿ ಉಚ್ಚಿಲದ ಮೊಯ್ದಿನಾಕ ಇದ್ದರು. ನನಗಿಂತ ಹತ್ತು ವರ್ಷ ಹಿರಿಯರು, ಬ್ಯಾರಿಗಳು, ಜಬಲ್ ಅಲಿಯ ಕಂಪೆನಿಯಲ್ಲಿ ಟ್ರೇಲರ್ ಓಡಿಸುತ್ತಿದ್ದರು. ನನ್ನ ಸಂಗತಿ ಕೇಳಿ ಅವರು ಒಂದು ಗಳಿಗೆಯೂ ಯೋಚಿಸಲಿಲ್ಲ.

"ನಮ್ಮಲ್ಲಿ ಜನ ತಗೊಳ್ತಾರೆ ಮಾರಾಯ. ಸಣ್ಣ ಗಾಡಿಯ ಲೈಸೆನ್ಸ್ ಇದ್ರೆ ಸಾಕು, ದೊಡ್ಡದನ್ನು ಅವರೇ ಕಲಿಸ್ತಾರೆ. ನಾಳೆ ನನ್ನೊಟ್ಟಿಗೆ ಬಾ."

"ನನಗೆ ಆಗ್ತದಾ ಮೊಯ್ದಿನಾಕ?"

"ಬಟ್ಟೆ ನೇರ ಹೊಲಿಯುವವನಿಗೆ ರಸ್ತೆಯಲ್ಲಿ ನೇರ ಹೋಗ್ಲಿಕ್ಕೆ ಎಂತ ಕಷ್ಟ?" ಎಂದು ಅವರು ನಕ್ಕರು.

ಹೋದೆ, ಮಾತಾಡಿದೆ, ತೆಗೆದುಕೊಂಡರು. ಸೋಮವಾರದಿಂದ ತರಬೇತಿ ಅಂದರು. ಅಲ್ಲಿಯವರೆಗೆ ಕೆಲಸ ಸಿಗುವುದಿಲ್ಲ ಎಂಬ ಹೆದರಿಕೆ ಇತ್ತು, ಸಿಕ್ಕ ಮೇಲೆ ಕೆಲಸವೇ ಹೆದರಿಕೆಯಾಯಿತು. ಅಂಗೈ ಬೆವರಿ ಸೂಜಿ ಜಾರತೊಡಗಿತು. ರಸ್ತೆ ದಾಟುವಾಗ ಟ್ರಕ್ಕಿನ ಬ್ರೇಕು ಉಸ್ ಎಂದು ಗಾಳಿ ಬಿಟ್ಟರೆ ಬೆಚ್ಚಿ ಬೀಳುತ್ತಿದ್ದೆ. ಯಾರಿಗೂ ಹೇಳಲಿಲ್ಲ. ಆದರೆ ಹೇಳದಿದ್ದರೆ ಗೊತ್ತಾಗುವುದಿಲ್ಲ ಎಂದು ತಿಳಿದದ್ದು ನನ್ನ ಭ್ರಮೆ. ಸೋಮವಾರ ಬೆಳಿಗ್ಗೆ ನಾನು ದೋಸೆಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದಾಗ ಮಗಳು ಮುಖ ನೋಡಿ, "ಪಪ್ಪಾ, ಆರ್ ಯು ಸ್ಕೇರ್ಡ್?" ಎಂದು ಕೇಳಿಯೇಬಿಟ್ಟಳು.

ಸುಮತಿ ಸಮಾಧಾನ ಹೇಳುವ ಜಾತಿಯವಳಲ್ಲ. ದೋಸೆಯ ತಟ್ಟೆಯನ್ನು ಮತ್ತೆ ನನ್ನ ಮುಂದಕ್ಕೆ ತಳ್ಳಿ, "ಹೆದರುವುದಾದ್ರೆ ತಿಂದು ಹೆದರಿ. ಖಾಲಿ ಹೊಟ್ಟೆಯಲ್ಲಿ ಹೆದರಿದ್ರೆ ತಲೆ ತಿರುಗ್ತದೆ" ಅಂದಳು. ತಿಂದೆ. ಹುಡುಗರೇ, ನಾನು ನಿಮಗೆ ಕೊಡುವ ಬುದ್ಧಿಮಾತುಗಳಲ್ಲಿ ಮೊದಲನೆಯದು ಇದೇ. ತಿಂದು ಹೋಗಿ.

ಯಾರ್ಡ್ ಎಂದರೆ ಸುತ್ತ ತಗಡಿನ ಬೇಲಿ ಹಾಕಿದ ದೊಡ್ಡ ಮೈದಾನ. ಅಲ್ಲಲ್ಲಿ ಕಿತ್ತಳೆ ಬಣ್ಣದ ಕೋನುಗಳು, ನಡುವೆ ಹಳೆಯ ಟ್ರಕ್ಕು. ಮೊದಲ ದಿನ ನನಗೆ ಸಿಕ್ಕ ಉಸ್ತಾದ್, ಅಂದರೆ ಕಲಿಸುವವರು, ಬರೀ ಕೂಗುವ ಮನುಷ್ಯ. ಆ ಕಾಲದಲ್ಲಿ ಕಲಿಸುವುದೆಂದರೆ ಕೂಗುವುದು ಎಂದೇ ಎಲ್ಲರೂ ತಿಳಿದಿದ್ದರು. ನಾನು ಮೆಟ್ಟಿಲು ಹತ್ತಿ ಸೀಟಿನಲ್ಲಿ ಕುಳಿತೆ. ನೆಲ ಎಷ್ಟೋ ಕೆಳಗೆ ಕಾಣಿಸಿತು. ಎಂಜಿನ್ ಶುರು ಮಾಡಿದೆ. ಹ್ಯಾಂಡ್ ಬ್ರೇಕ್ ಬಿಡು ಅಂದರು. ಕೈ ಅದರ ಮೇಲೇ ಇತ್ತು, ಆದರೆ ಬಿಡಲು ಆಗಲಿಲ್ಲ. ಬಿಡು, ಬಿಡು, ಬಿಡು ಎಂದು ಕೂಗಿದರು. ಕೂಗಿದಷ್ಟೂ ನನ್ನ ಬೆರಳು ಬಿಗಿಯಾಯಿತು. "ದರ್ಜಿ ಅಲ್ಲವಾ ನೀನು? ಹೋಗು, ಗುಂಡಿ ಹೊಲಿ!" ಅಂದರು. ಸರದಿಗೆ ಕಾದು ನಿಂತಿದ್ದವರೆಲ್ಲ ನಕ್ಕರು. ನಾನು ಇಳಿದು ನೀರಿನ ಟ್ಯಾಂಕರಿನ ಹಿಂದೆ ಹೋಗಿ ಬೆಳಗಿನ ದೋಸೆಯನ್ನೆಲ್ಲ ಕಕ್ಕಿದೆ.

ಅಲ್ಲಿಗೆ ನೀರಿನ ಬಾಟಲಿ ಹಿಡಿದು ಬಂದವರು ಇನ್ನೊಬ್ಬ ಉಸ್ತಾದ್. ಪೇಶಾವರದ ಕಡೆಯ ಪಠಾಣರು. ಎಲ್ಲರೂ ಅವರನ್ನು ಖಾನ್ ಸಾಹೇಬ್ ಅನ್ನುತ್ತಿದ್ದರು. ಅವರ ಹಿಂದಿಯನ್ನು ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅದರ ಗತ್ತು ಇದರಲ್ಲಿ ಬಂದಿರಲಿಕ್ಕಿಲ್ಲ.

"ದರ್ಜಿ ಸಾಹೇಬ್, ಬಾಯಿ ತೊಳೆದುಕೊಳ್ಳಿ. ಈಗ ಹೇಳಿ, ನಿಮಗೆ ಯಾವುದರ ಹೆದರಿಕೆ?"

"ಟ್ರಕ್ಕಿನದು."

"ಟ್ರಕ್ಕು ಅಲ್ಲಿ ನಿಂತಿದೆ, ನಿಮಗೇನೂ ಮಾಡುತ್ತಿಲ್ಲ. ಸರಿಯಾಗಿ ಯೋಚಿಸಿ ಹೇಳಿ. ಏನಾಗುತ್ತದೆ ಎಂದು ಹೆದರುತ್ತೀರಿ?"

ಅದುವರೆಗೆ ಆ ಪ್ರಶ್ನೆಯನ್ನು ಯಾರೂ ನನಗೆ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. "ನನ್ನಂಥವನೊಬ್ಬ ಸಣ್ಣ ವ್ಯಾನಿನಲ್ಲಿ ನನ್ನ ಪಕ್ಕದಲ್ಲೇ ಇದ್ದು, ಅವನು ಇರುವುದೇ ನನಗೆ ಗೊತ್ತಾಗದೆ ಹೋದರೆ?" ಅಂದೆ.

ಖಾನ್ ಸಾಹೇಬರ ಮುಖ ಅರಳಿತು. "ಇದಕ್ಕೆ ಉತ್ತರ ಇದೆ. ಬನ್ನಿ. ನೆಲದ ಮೇಲೆ ಗೆರೆ ಎಳೆಯಲು ಏನಾದರೂ ಇದೆಯಾ?"

ನನ್ನ ಅಂಗಿಯ ಜೇಬಿನಲ್ಲಿ ಬಟ್ಟೆಗೆ ಗುರುತು ಹಾಕುವ ಟೈಲರ್ ಚಾಕ್, ಅಂದರೆ ಸೀಮೆಸುಣ್ಣದ ಬಿಲ್ಲೆ, ಒಂದು ತುಂಡು ಹಾಗೇ ಉಳಿದಿತ್ತು. ಕೊಟ್ಟೆ. ಅವರು ಅದನ್ನು ತಿರುಗಿಸಿ ನೋಡಿ ನಕ್ಕು, ಎಂಜಿನ್ ಆರಿಸಿ, ಕೀಲಿಯನ್ನು ತಮ್ಮ ಕಿಸೆಗೆ ಹಾಕಿಕೊಂಡು ನನ್ನನ್ನು ಮತ್ತೆ ಸೀಟಿನಲ್ಲಿ ಕೂರಿಸಿದರು. "ನಾನು ಗಾಡಿಗೆ ಒಂದು ಸುತ್ತು ಬರುತ್ತೇನೆ. ಕನ್ನಡಿಯಲ್ಲಿ, ಗಾಜಿನಲ್ಲಿ ನನ್ನನ್ನೇ ನೋಡುತ್ತಿರಿ. ನಾನು ಕಾಣದೆ ಹೋದ ಕೂಡಲೇ ಕೂಗಿ. ಮತ್ತೆ ಕಂಡ ಕೂಡಲೇ ಕೂಗಿ."

ಅವರು ನಡೆದರು. ಮೂತಿಯ ಎದುರು ಬಂದಾಗ ಆ ಎತ್ತರದ ಮನುಷ್ಯನ ಟೋಪಿ ಕೂಡ ಕಾಣಲಿಲ್ಲ. "ಇಲ್ಲ!" ಎಂದು ಕೂಗಿದೆ. ಅವರು ಬಗ್ಗಿ ಗೆರೆ ಎಳೆದರು. ಎರಡು ಹೆಜ್ಜೆ ಮುಂದೆ ಸರಿದಾಗ ಟೋಪಿ ಕಂಡಿತು. "ಇದ್ದೀರಿ!" ಮತ್ತೊಂದು ಗೆರೆ. ಅಲ್ಲಿ ಡ್ರೈವರ್ ಕೂರುವುದು ಎಡಕ್ಕೆ, ಹಾಗಾಗಿ ಬಲಬದಿಯಲ್ಲಿ ಬಾಗಿಲಿನ ಹತ್ತಿರ ಬಹಳ ಹೊತ್ತು ಮಾಯವಾದರು. ಹಿಂದೆ ಹೋದ ಮೇಲೆ ಅವರು ಇದ್ದಾರೋ ಚಹಾ ಕುಡಿಯಲು ಹೋದರೋ ತಿಳಿಯದಾಯಿತು. ಸುತ್ತು ಮುಗಿದ ಮೇಲೆ ನನ್ನನ್ನು ಇಳಿಸಿ ತೋರಿಸಿದರು. ಟ್ರಕ್ಕಿನ ಸುತ್ತ ಡಾಂಬರಿನ ಮೇಲೆ ಬಿಳಿಯ ಗೆರೆಗಳು. ಮುಂದೆ ಒಂದು, ಎಡಕ್ಕೊಂದು ಸಣ್ಣದು, ಬಲಕ್ಕೊಂದು ದೊಡ್ಡದು, ಹಿಂದೆ ಉದ್ದನೆಯದು. ಕತ್ತರಿಸಲು ಗುರುತು ಹಾಕಿದ ಬಟ್ಟೆಯ ಹಾಗೇ ಕಾಣುತ್ತಿತ್ತು.

"ನಿಮಗೆ ಕಾಣದ ಜಾಗ ಇಷ್ಟೇ," ಅಂದರು ಖಾನ್ ಸಾಹೇಬ್. "ಇದಕ್ಕಿಂತ ಒಂದಂಗುಲ ಹೆಚ್ಚಿಲ್ಲ. ಹೆದರುವುದಾದರೆ ಇಷ್ಟಕ್ಕೆ ಮಾತ್ರ ಹೆದರಿ. ಉಳಿದದ್ದಕ್ಕೆ ಹೆದರಿ ಸುಸ್ತಾಗಬೇಡಿ. ಈ ಜಾಗದಲ್ಲಿ ಯಾರಾದರೂ ಇದ್ದಾರಾ ಎಂದು ಸಂಶಯ ಬಂದರೆ ನಿಲ್ಲಿಸಿ, ಇಳಿದು ನೋಡಿ. ಇಳಿದು ನೋಡಿದವನನ್ನು ಕಂಡು ಯಾರಾದರೂ ನಕ್ಕರೆ ಅವರನ್ನು ನನ್ನ ಹತ್ತಿರ ಕಳಿಸಿ."

ನಾನು ಆ ಗೆರೆಗಳ ಒಳಗೆ ನಿಂತು ನೋಡಿದೆ, ಹೊರಗೆ ನಿಂತು ನೋಡಿದೆ. ಹೆದರಿಕೆ ಹೋಯಿತು ಎಂದರೆ ಸುಳ್ಳಾಗುತ್ತದೆ. ಆದರೆ ಅದು ಆಕಾಶದಷ್ಟು ಇದ್ದದ್ದು ನಾಲ್ಕು ತುಂಡು ನೆಲಕ್ಕೆ ಇಳಿಯಿತು. ಆ ಮಧ್ಯಾಹ್ನ ನಾನು ಹ್ಯಾಂಡ್ ಬ್ರೇಕ್ ಬಿಟ್ಟೆ. ಟ್ರಕ್ಕು ಮುಂದೆ ಹೋಯಿತು. ನಿಲ್ಲಿಸಿದೆ, ನಿಂತಿತು. ಆ ಎರಡು ಸಂಗತಿಗಳು ಎಷ್ಟು ಸಂತೋಷ ಕೊಟ್ಟವು ಎಂದು ಇವತ್ತು ಹೇಳಿದರೆ ನಿಮಗೆ ನಗು ಬರಬಹುದು.

ಟ್ರೇಲರನ್ನು ಹಿಂದಕ್ಕೆ ಹಾಕುವುದು ಕಲಿಯುವಾಗ ನನ್ನ ಹಳೆಯ ಕೆಲಸ ನೆರವಿಗೆ ಬಂತು. ಟ್ರೇಲರ್ ಹಿಂದೆ ಹೋಗುವಾಗ ಬಲಕ್ಕೆ ತಿರುಗಬೇಕಾದರೆ ಸ್ಟೀರಿಂಗನ್ನು ಮೊದಲು ಎಡಕ್ಕೆ ತಿರುಗಿಸಬೇಕು. ಹೊಸಬರ ತಲೆ ಕೆಡುವುದು ಇಲ್ಲೇ. ಅಂಗಿಯ ಕಂಕುಳಿಗೆ ತೋಳು ಕೂರಿಸುವಾಗ ಎಳೆದರೆ ನೆರಿಗೆ ಬೀಳುತ್ತದೆ. ಬಟ್ಟೆಯನ್ನು ಸ್ವಲ್ಪ ಸ್ವಲ್ಪವೇ ಉಣಿಸುತ್ತ ಅದು ತಾನಾಗಿ ತಿರುಗುವುದನ್ನು ಕಾಯಬೇಕು. ಇದೂ ಹಾಗೇ. ಸ್ವಲ್ಪ ತಿರುಗಿಸಿ, ಕಾದು, ಟ್ರೇಲರ್ ಹೇಳುವುದನ್ನು ನೋಡಿ, ಮತ್ತೆ ಸ್ವಲ್ಪ. ನಿಮ್ಮಲ್ಲೂ ಯಾವುದೋ ಒಂದು ಕೆಲಸ ಮಾಡಿಬಂದ ಕೈ ಇರುತ್ತದೆ. ಅದನ್ನು ಊರಲ್ಲಿ ಬಿಟ್ಟು ಬಂದೆ ಎಂದುಕೊಳ್ಳಬೇಡಿ.

ಲೈಸೆನ್ಸ್ ಸಿಕ್ಕ ಮೇಲಿನ ವರ್ಷಗಳಲ್ಲಿ ದೊಡ್ಡ ಅವಘಡ ಯಾವುದೂ ನನಗಾಗಲಿಲ್ಲ. ಎಡವಟ್ಟು ಬೇಕಷ್ಟು ಆಗಿದೆ. ಒಂದನ್ನು ಹೇಳುತ್ತೇನೆ. ಹೊಸದರಲ್ಲಿ ಒಮ್ಮೆ ಟೈಲ್ಸ್ ತುಂಬಿಕೊಂಡು ಹೋಗುವಾಗ ತಪ್ಪು ತಿರುವಿನಲ್ಲಿ ಇಳಿದು ಮಿರ್ದಿಫ್ ಬಡಾವಣೆಯ ವಿಲ್ಲಾಗಳ ನಡುವೆ ಸಿಕ್ಕಿಹಾಕಿಕೊಂಡೆ. ಎರಡೂ ಕಡೆ ಕಾಂಪೌಂಡು, ಕಾಂಪೌಂಡಿನಿಂದ ಹೊರಗೆ ಚಾಚಿದ ಬೋಗನ್‌ವಿಲ್ಲಾ, ಬಾಗಿಲು ಬಾಗಿಲಿಗೂ ನಿಲ್ಲಿಸಿದ ಕಾರುಗಳು. ಮುಂದೆ ತಿರುಗಲು ಜಾಗವಿಲ್ಲ. ಹಿಂದಕ್ಕೆ ಹೋಗಲು ಕಾಣುತ್ತಿಲ್ಲ. ನನ್ನ ಹಿಂದೆ ಆಗಲೇ ಹಾರ್ನು ಶುರುವಾಗಿತ್ತು. ಹಳೆಯ ಹೆದರಿಕೆ ಮತ್ತೆ ಬಂತು.

ಎಂಜಿನ್ ನಿಲ್ಲಿಸಿ ಇಳಿದೆ. ಎದುರಿನ ಮನೆಯಿಂದ ವಯಸ್ಸಾದ ಅರಬರೊಬ್ಬರು ಹೊರಗೆ ಬಂದರು. ಬಯ್ಯುತ್ತಾರೆ ಎಂದುಕೊಂಡು, ಬಾರದ ಅರಬಿಯಲ್ಲಿ ಕ್ಷಮೆ ಕೇಳಲು ಹೊರಟೆ. ಅವರು ಕೈ ಎತ್ತಿ, "ಮಾಫಿ ಮುಷ್ಕಿಲ್, ಮಾಫಿ ಮುಷ್ಕಿಲ್" ಎಂದು ತೊಂದರೆಯೇನೂ ಇಲ್ಲವೆಂದು ಹೇಳಿ, ಮೂಲೆಯಲ್ಲಿದ್ದ ತಮ್ಮ ಕಾರನ್ನು ತಾವೇ ತೆಗೆದು ದೂರ ನಿಲ್ಲಿಸಿದರು. ಹಾರ್ನು ಹೊಡೆಯುತ್ತಿದ್ದವರ ಬಳಿ ಹೋಗಿ ಏನೋ ಅಂದರು, ಅವರೆಲ್ಲ ಹಿಂದೆ ಸರಿದರು. ಆಮೇಲೆ ನನ್ನ ಕನ್ನಡಿಗೆ ಕಾಣುವಲ್ಲಿ ನಿಂತು, ಬಿಳಿ ಕಂದೂರದ ತೋಳು ಮೇಲಕ್ಕೇರಿಸಿ, "ಶ್ವೈ, ಶ್ವೈ" ಎಂದು, ಮೆಲ್ಲ ಮೆಲ್ಲ ಅನ್ನುವಂತೆ, ಕೈ ಆಡಿಸುತ್ತ ಇಡೀ ಟ್ರೇಲರನ್ನು ಬೀದಿಯಿಂದ ಹೊರಕ್ಕೆ ತಂದರು. ಒಂದು ಹೂವೂ ಉದುರಲಿಲ್ಲ. ಹೋಗುವ ಮುಂಚೆ ಪುಟ್ಟ ಬಟ್ಟಲಲ್ಲಿ ಗಹ್ವಾ, ಅಂದರೆ ಅರಬರ ಕಾಫಿ, ಜೊತೆಗೆ ಒಂದು ಹಿಡಿ ಖರ್ಜೂರ ಕೊಟ್ಟರು. ಆ ಕಂದೂರದ ಕಾಲರಿನ ಹೊಲಿಗೆ ಬಹಳ ಚೆನ್ನಾಗಿತ್ತು. ಯಾರು ಹೊಲಿದದ್ದು ಎಂದು ಕೇಳಬೇಕು ಅನಿಸಿತು, ಕೇಳಲಿಲ್ಲ. ಹತ್ತಿರ ಯಾರಾದರೂ ಇದ್ದರೆ ಸಹಾಯ ಕೇಳಬಹುದು ಎಂಬುದನ್ನು ನಾನು ಕಲಿತದ್ದು ಅವತ್ತು.

ಖಾನ್ ಸಾಹೇಬ್ ಊರಿಗೆ ಹೋದ ಮೇಲೆ ಅವರ ಜಾಗಕ್ಕೆ ನನ್ನನ್ನು ಹಾಕಿದರು. ಆ ಹೊತ್ತಿಗೆ ನಾವು ಅಬುಧಾಬಿ ಬಿಟ್ಟು ದುಬೈಯ ಡಿಸ್ಕವರಿ ಗಾರ್ಡನ್ಸಿಗೆ ಬಂದಿದ್ದೆವು. ಯಾರ್ಡು ಮನೆಗೆ ಹತ್ತಿರವಾಯಿತು. ಕಲಿಸುವ ರೀತಿಯೂ ಬದಲಾಗುತ್ತ ಬಂತು. ಕೂಗುವ ಉಸ್ತಾದರು ಒಬ್ಬೊಬ್ಬರಾಗಿ ಕಡಿಮೆಯಾದರು. ಕ್ಯಾಬಿನ್ನಿನಲ್ಲಿ ಕ್ಯಾಮರಾ ಬಂತು, ಟ್ರಕ್ಕಿನ ಬದಿಗಳನ್ನು ತೋರಿಸುವ ಪರದೆ ಬಂತು. ಆಮೇಲೆ ಒಂದು ಹವಾನಿಯಂತ್ರಿತ ಕೋಣೆಯಲ್ಲಿ ಸಿಮ್ಯುಲೇಟರ್ ಬಂತು. ಕುರ್ಚಿ, ಸ್ಟೀರಿಂಗ್, ಎದುರಿಗೆ ದೊಡ್ಡ ಪರದೆ. ಅದರಲ್ಲಿ ಮಂಜು ಕವಿಯುತ್ತದೆ, ಟೈರ್ ಒಡೆಯುತ್ತದೆ, ಒಂಟೆ ಅಡ್ಡ ಬರುತ್ತದೆ, ಯಾರಿಗೂ ಏನೂ ಆಗುವುದಿಲ್ಲ. ಒಳ್ಳೆಯದೇ. ಆದರೂ ನಾನು ಮೊದಲ ದಿನ ಎಲ್ಲರನ್ನೂ ಹೊರಗೆ ಕರೆದು ಸೀಮೆಸುಣ್ಣದ ಗೆರೆ ಎಳೆಸುವುದನ್ನು ಬಿಡಲಿಲ್ಲ. ಹೊಸ ಮ್ಯಾನೇಜರ್ ಒಮ್ಮೆ ಇದೇನು ಎಂದು ಕೇಳಿದರು. ಸೀಟಿನಲ್ಲಿ ಕೂರಿಸಿ ತೋರಿಸಿದೆ. ಮರುದಿನ ಅವರೇ ಒಂದು ಡಬ್ಬಿ ಸೀಮೆಸುಣ್ಣ ತರಿಸಿಕೊಟ್ಟರು.

ಎಲ್ಲರ ಹೆದರಿಕೆಗೂ ಗೆರೆ ಎಳೆದರೆ ಸಾಕೆಂದು ನಾನು ನಂಬಿದ್ದ ಕಾಲದಲ್ಲೇ ನೌಫಲ್ ಬಂದ. ಮೊಯ್ದಿನಾಕನ ತಂಗಿಯ ಮಗ. ಸಿಮ್ಯುಲೇಟರಿನಲ್ಲಿ ಅವನಂಥವನನ್ನು ನಾನು ನೋಡಿಲ್ಲ, ಒಂದು ತಪ್ಪಿಲ್ಲ. ಆದರೆ ಯಾರ್ಡಿನಲ್ಲಿ ನಿಜವಾದ ಟ್ರಕ್ಕು ಹತ್ತಿದರೆ ಮುಖ ಬಾಡುತ್ತಿತ್ತು. ಗೆರೆ ಎಳೆದೆವು, ಇಳಿದೆವು, ಹತ್ತಿದೆವು. ಎಲ್ಲವನ್ನೂ ಹೇಳಿದ ಹಾಗೆ ಮಾಡುತ್ತಾನೆ, ಮುಖ ಮಾತ್ರ ಹಾಗೇ. ಒಂದು ದಿನ ನೆರಳಿಗೆ ಕರೆದುಕೊಂಡು ಹೋಗಿ ಕೇಳಿದೆ.

"ಯಾವುದರ ಹೆದರಿಕೆ ನೌಫಲ್?"

"ಹೆದರಿಕೆ ಅಲ್ಲ ಅಂಕಲ್," ಅಂದ ಅವನು. "ನನಗೆ ಇದು ಇಷ್ಟ ಇಲ್ಲ. ಎಂಜಿನ್ ಬಿಚ್ಚಲಿಕ್ಕೆ ಇಷ್ಟ. ಓಡಿಸ್ಲಿಕ್ಕೆ ಅಲ್ಲ. ಮಾಮನಿಗೆ ಹೇಗೆ ಹೇಳುವುದು?"

ಆ ಸಂಜೆ ಮೊಯ್ದಿನಾಕನಿಗೆ ನಾನೇ ಹೇಳಿದೆ. ಅವರು ಬೇಸರ ಮಾಡಿಕೊಂಡರು. ತಮ್ಮ ಕೈಯಾರೆ ತಂದ ಕೆಲಸವನ್ನು ಹುಡುಗ ಬೇಡ ಅನ್ನುತ್ತಾನಲ್ಲ ಎಂದು. ಆದರೂ ನನ್ನೊಟ್ಟಿಗೆ ವರ್ಕ್‌ಶಾಪಿನವರ ಬಳಿ ಮಾತಾಡಲು ಬಂದರು. ನೌಫಲ್ ಈಗ ಅಲ್ಲಿ ಬ್ರೇಕಿನ ಕೆಲಸದಲ್ಲಿ ಎಲ್ಲರೂ ಹುಡುಕಿಕೊಂಡು ಬರುವ ಮನುಷ್ಯ. ಹೆದರಿಕೆ ಬೇರೆ, ಬೇಡ ಅನ್ನಿಸುವುದು ಬೇರೆ. ಹೊರಗಿನಿಂದ ಎರಡೂ ಒಂದೇ ತರ ಕಾಣುತ್ತವೆ. ನಿಮ್ಮದು ಯಾವುದೆಂದು ನಿಮಗೇ ಗೊತ್ತಿರಬೇಕು.

ಇನ್ನು ಜೆಸಿಂತ ಬಾಯಿಯ ವಿಷಯ. ನನ್ನ ಕೊನೆಯ ವರ್ಷಗಳಲ್ಲಿ ಕಂಪೆನಿ ಹೆಂಗಸರನ್ನೂ ತೆಗೆದುಕೊಳ್ಳಲು ಶುರು ಮಾಡಿತು. ನಮ್ಮ ಯಾರ್ಡಿಗೆ ಬಂದ ಮೊದಲನೆಯವರು ಶಿರ್ವದ ಜೆಸಿಂತ. ನಲವತ್ತರ ಹತ್ತಿರದ ವಯಸ್ಸು. ಗಂಡ ಹೋಟೆಲೊಂದರಲ್ಲಿ ಅಡುಗೆಯವರು. ಜೆಸಿಂತ ಬಹಳ ವರ್ಷ ಸ್ಕೂಲ್ ಬಸ್ಸಿನಲ್ಲಿ ಮಕ್ಕಳನ್ನು ಹತ್ತಿಸಿ ಇಳಿಸುವ ಆಯಾ ಆಗಿದ್ದವರು.

"ಯಾಕೆ ಬಂದಿರಿ ಈ ಕೆಲಸಕ್ಕೆ?" ಎಂದು ಕೇಳಿದ್ದಕ್ಕೆ, "ಅಷ್ಟು ವರ್ಷ ಡ್ರೈವರಿನ ಬೆನ್ನು ನೋಡಿದ್ದೇನೆ ಸರ್. ಎದುರಿನ ರಸ್ತೆ ನೋಡ್ಬೇಕು ಅಂತ ಆಸೆ" ಅಂದರು.

ಗೆರೆ ಎಳೆಯುವ ಪಾಠದಲ್ಲಿ ಅವರಷ್ಟು ಚುರುಕು ಯಾರೂ ಇರಲಿಲ್ಲ. ಬಸ್ಸಿನ ಸುತ್ತ ಮಕ್ಕಳು ಎಲ್ಲೆಲ್ಲಿ ಮರೆಯಾಗುತ್ತಾರೆ ಎಂಬುದು ಅವರಿಗೆ ಮೊದಲೇ ಗೊತ್ತು. ಆದರೆ ಓಡಿಸುವ ಸರದಿ ಬಂದಾಗ ಕಷ್ಟವಾಯಿತು. ಹೆಂಗಸೊಬ್ಬಳು ಟ್ರಕ್ಕು ಕಲಿಯುತ್ತಾಳಂತೆ ಎಂಬ ಸುದ್ದಿ ಹರಡಿ ಬೇಲಿಯ ಬದಿಯಲ್ಲಿ ಡ್ರೈವರುಗಳು, ಲೋಡಿಂಗಿನವರು, ಕೈಯಲ್ಲಿ ಕೆಲಸವಿಲ್ಲದವರು ಎಲ್ಲ ಸೇರಿದ್ದರು. ಕೆಲವರ ಕೈಯಲ್ಲಿ ಫೋನು. ಜೆಸಿಂತ ಗಾಡಿಯನ್ನು ಕೋನುಗಳ ನಡುವಿನವರೆಗೆ ತಂದು ನಿಲ್ಲಿಸಿದರು. ಅಲ್ಲಿಂದ ಮುಂದೆ ಹೋಗಲಿಲ್ಲ.

"ಏನಾಗುತ್ತದೆ ಎಂದು ಹೆದರಿಕೆ ನಿಮಗೆ?" ಎಂದು ಪಕ್ಕದ ಸೀಟಿನಿಂದ ಕೇಳಿದೆ.

"ಗಾಡಿಯದ್ದಲ್ಲ ಸರ್. ಅವರದ್ದು. ನಾನು ಒಂದು ಕೋನ್ ಬೀಳಿಸಿದ್ರೆ ಸಂಜೆಯೊಳಗೆ ಇಡೀ ಜಬಲ್ ಅಲಿಗೆ ಗೊತ್ತಾಗ್ತದೆ. ನನ್ನ ಗಂಡನ ಅಡುಗೆಮನೆಗೂ ವೀಡಿಯೋ ಹೋಗ್ತದೆ."

ಖಾನ್ ಸಾಹೇಬರ ಆ ಪ್ರಶ್ನೆಯನ್ನು ನಾನು ಎಷ್ಟೋ ಜನರಿಗೆ ಕೇಳಿದ್ದೆ. ಇದಕ್ಕೆಲ್ಲಿ ಗೆರೆ ಎಳೆಯುವುದು? "ಅವರನ್ನೆಲ್ಲ ಕಳಿಸಿಬಿಡುತ್ತೇನೆ" ಎಂದು ಬಾಗಿಲು ತೆರೆಯಲು ಹೋದೆ.

"ಬೇಡ ಸರ್. ಇವತ್ತು ನೀವು ಕಳಿಸ್ತೀರಿ. ರಸ್ತೆಯಲ್ಲಿ ಯಾರು ಕಳಿಸ್ತಾರೆ?"

ಎದುರಿನ ಕೋನನ್ನು ನೋಡಿದರು. ಆಮೇಲೆ, "ಒಂದು ಕೋನ್ ಹಾಳಾದ್ರೆ ಕಂಪೆನಿಗೆ ತೊಂದರೆ ಆಗ್ತದಾ?" ಎಂದು ಕೇಳಿದರು.

"ಇಲ್ಲ. ಯಾಕೆ?"

ಕನ್ನಡಿ ನೋಡಿದರು, ಗೇರ್ ಹಾಕಿದರು, ನಿಧಾನವಾಗಿ ಮುಂದೆ ಬಂದು, ಯಾವ ಅವಸರವೂ ಇಲ್ಲದೆ, ಎದುರಿಗಿದ್ದ ಕಿತ್ತಳೆ ಕೋನಿನ ಮೇಲೆ ಚಕ್ರವನ್ನು ಹತ್ತಿಸಿ ಆಚೆ ಇಳಿಸಿದರು. ಬೇಲಿಯ ಬದಿಯಲ್ಲಿ ಹೋ ಎಂದು ಕೂಗೆದ್ದಿತು. ಜೆಸಿಂತ ಗಾಡಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಇಳಿದು, ಚಪ್ಪಟೆಯಾದ ಕೋನನ್ನು ಎತ್ತಿಕೊಂಡು ನೇರವಾಗಿ ಬೇಲಿಯ ಹತ್ತಿರ ಹೋದರು. ಅದನ್ನು ಎದೆಯ ಮುಂದೆ ಹಿಡಿದು ನಿಂತು ಹಿಂದಿಯಲ್ಲಿ, "ತೆಗೆಯಿರಿ ಫೋಟೋ. ಎಲ್ಲರೂ ತೆಗೆದಾಯಿತಾ? ನೀವು ಹಿಂದೆ ಇದ್ದೀರಲ್ಲ, ನಿಮಗೆ ಸಿಕ್ಕಿತಾ?" ಎಂದು ಕೇಳಿದರು. ಬಸ್ಸಿನಲ್ಲಿ ಮಕ್ಕಳಿಗೆಲ್ಲ ಬಿಸ್ಕತ್ತು ಸಿಕ್ಕಿತೋ ಎಂದು ವಿಚಾರಿಸುವ ಸ್ವರ ಅದು.

ಆಮೇಲೆ ಒಬ್ಬರು ನಕ್ಕರು, ಎಲ್ಲರೂ ನಕ್ಕರು, ಜೆಸಿಂತರೂ ನಕ್ಕರು. ಆ ನಗು ನನ್ನ ಮೇಲೆ ಹಿಂದೆ ಬಿದ್ದಿದ್ದ ನಗುವಿನ ಜಾತಿಯದಲ್ಲ. ಫೋನುಗಳು ಕಿಸೆಗೆ ಹೋದವು.

ಅವರು ಮರಳಿ ಹತ್ತಿ ಹಿಂದಕ್ಕೆ ಹಾಕುವ ಪಾಠ ಶುರು ಮಾಡಿದಾಗ ಇನ್ನೊಂದು ಫಜೀತಿ. ಆಗಷ್ಟೇ ನೋಡಲು ಬಂದಿದ್ದವರೆಲ್ಲ ಈಗ ಕಲಿಸಲು ನಿಂತರು. ಉರ್ದು, ಮಲಯಾಳ, ಬಂಗಾಳಿ, ಪಂಜಾಬಿ, ಯಾವುದೂ ತಿಳಿಯದವರು "ಯಲ್ಲಾ ಯಲ್ಲಾ" ಎಂದು, ನಡಿ ನಡಿ ಅನ್ನುವ ಅರಬಿ. ಜೆಸಿಂತ ಕಿಟಕಿಯಿಂದ ತಲೆ ಹೊರಹಾಕಿ ಗದರಿದರು: "ಒಬ್ಬರು ಮಾತ್ರ ಹೇಳಿ! ಉಳಿದವರು ಬಾಯಿ ಮುಚ್ಚಿ!" ಅಷ್ಟು ದೊಡ್ಡ ಗಂಡಸರ ಗುಂಪು ಗಪ್‌ಚಿಪ್ ಆಯಿತು. ಟ್ರೇಲರ್ ಎರಡು ಕೋನುಗಳ ನಡುವೆ ನೇರವಾಗಿ ಹೋಗಿ ಕುಳಿತಿತು.

"ಆಗುವುದು ಆಗಿ ಹೋಯ್ತಲ್ಲ ಸರ್," ಅಂದರು ನನ್ನ ಕಡೆ ತಿರುಗಿ. "ಇನ್ನು ಎಂತ ಹೆದರುವುದು?"

ಅವರು ರೋಡ್ ಟೆಸ್ಟಿನಲ್ಲಿ ಮೊದಲ ಸಲ ಫೇಲಾದರು. ರೌಂಡ್‌ಅಬೌಟಿನಲ್ಲಿ ಅಗತ್ಯಕ್ಕಿಂತ ಹೆಚ್ಚು ಕಾದರು ಎಂದು ಪರೀಕ್ಷಕರು ಹೇಳಿದರಂತೆ. ಅವತ್ತು ಮಧ್ಯಾಹ್ನವೇ ಬಂದು, "ರೌಂಡ್‌ಅಬೌಟ್ ಮಾತ್ರ ಮಾಡಿಸಿ ಸರ್, ಬೇರೆಲ್ಲ ಸರಿ ಉಂಟು" ಅಂದರು. ಎರಡನೆಯ ಸಲ ಪಾಸಾದರು. ಗಂಡ ಹೋಟೆಲಿನಿಂದ ಮಾಡಿ ಕಳಿಸಿದ ಕೇಕನ್ನು ಯಾರ್ಡಿನಲ್ಲಿ ಎಲ್ಲರಿಗೂ ಹಂಚಿದರು. ಬೇಲಿಯ ಬದಿಯಲ್ಲಿ ನಿಂತು ಫೋನು ಹಿಡಿದಿದ್ದವರೇ ಮೊದಲು ಬಂದು ತಿಂದದ್ದು.

ನಾನು ಕೆಲಸ ಬಿಡುವ ತಿಂಗಳಲ್ಲಿ ಒಮ್ಮೆ ಅಬುಧಾಬಿಯ ಮುಸಫ್ಫಾದಲ್ಲಿರುವ ನಮ್ಮ ಕಂಪೆನಿಯ ಇನ್ನೊಂದು ಯಾರ್ಡಿಗೆ ಹೋಗಬೇಕಾಯಿತು. ಕಾರನ್ನು ಆಗಲೇ ಮಾರಿದ್ದೆ. ಜೆಸಿಂತ ಬಾಯಿಯ ಟ್ರೇಲರ್ ಅಲ್ಲಿಗೇ ಹೊರಟಿತ್ತು. "ಬನ್ನಿ ಸದಾನಂದಣ್ಣ" ಅಂದರು. ಪಾಸಾದ ಮೇಲೆ ನಾನು ಸರ್ ಅಲ್ಲ, ಅಣ್ಣ. ಹತ್ತಿ ಬಲಗಡೆಯ ಸೀಟಿನಲ್ಲಿ ಕುಳಿತೆ. ಚಳಿಗಾಲದ ಬೆಳಗು. ಬಿಸಿಲು ಹಿತವಾಗಿತ್ತು. ಊರಿನ ಮಾತಾಡುತ್ತ ಹೊರಟೆವು. ಅವರು ಲೇನ್ ಬದಲಿಸಿದರು. ನಾನು ರೂಢಿಯಂತೆ ಕನ್ನಡಿ ನೋಡಿದೆ. ಮುಂದಿನ ಗಾಡಿಯಿಂದ ಎಷ್ಟು ಬಿಡಬೇಕೋ ಅಷ್ಟು ಬಿಟ್ಟಿದ್ದರು. ಬೇಕಾದಾಗ ವೇಗ ಇಳಿಯಿತು, ಬೇಕಾದಾಗ ಏರಿತು. ಹೇಳಲು ಏನೂ ಇರಲಿಲ್ಲ. ದಾರಿಯಲ್ಲಿ ಘಂತೂತ್ ಎಂಬ ಊರು ದಾಟಿದ್ದು ನೆನಪಿದೆ.

"ಸದಾನಂದಣ್ಣ. ಮುಸಫ್ಫಾ ಬಂತು."

ಕಣ್ಣು ಬಿಟ್ಟು ನೋಡಿದರೆ ಯಾರ್ಡಿನ ಗೇಟಿನ ಎದುರು ಲಾರಿಗಳ ಸಾಲು. ನನಗೆ ನಾಚಿಕೆಯಾಯಿತು. "ನಿದ್ದೆ ಹೋಗಿದ್ದಾ ನಾನು?"

"ಹೌದು. ಒಳ್ಳೆ ಗೊರಕೆ ಸಹ."

ಅಷ್ಟು ವರ್ಷ ಎಷ್ಟೋ ಜನ ಓಡಿಸುವಾಗ ಪಕ್ಕದಲ್ಲಿ ಕುಳಿತವನು ನಾನು. ಅವರು ಬ್ರೇಕು ಒತ್ತುವ ಮುಂಚೆ ನನ್ನ ಕಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ಲೈಸೆನ್ಸ್ ಸಿಕ್ಕವರ ಪಕ್ಕದಲ್ಲೂ, ಮೊಯ್ದಿನಾಕನ ಪಕ್ಕದಲ್ಲೂ ನಾನು ಕಣ್ಣು ಮುಚ್ಚಿದವನಲ್ಲ. ಅದನ್ನು ಜೆಸಿಂತ ಬಾಯಿಗೆ ಹೇಳಿದೆ.

ಅವರು ಎದುರಿನ ಸಾಲನ್ನು ನೋಡುತ್ತಲೇ ಇದ್ದರು. "ಗೇಟಲ್ಲಿ ಇನ್ನೂ ಹೊತ್ತಾಗ್ತದೆ," ಅಂದರು. "ಬೇಕಾದ್ರೆ ಮಲಗಿ. ನಾನಿದ್ದೇನಲ್ಲ."

ನಾನು ಸೀಟನ್ನು ಸ್ವಲ್ಪ ಹಿಂದಕ್ಕೆ ಮಾಡಿಕೊಂಡೆ.